ಕಾಮನ್ ಆ್ಯಪ್ ಎಸ್ಸೆಗೆ ನಾನು ಟಾಪಿಕ್ ಆರಿಸಿದ್ದು ಹೀಗೆ

ಅಮೆರಿಕಕ್ಕೆ ಅಪ್ಲೈ ಮಾಡ್ತಿರೋ ಪಿಯುಸಿ ಹುಡುಗ್ರು ತುಂಬಾ ಜನ ಕೇಳ್ತಿರ್ತಾರೆ, ಎಸ್ಸೆಗೆ ಯಾವ ಟಾಪಿಕ್ ತಗೊಳ್ಳೋದು ಅಂತ. ಕಾಮನ್ ಆ್ಯಪ್ ಅಂದ್ರೆ ಅಲ್ಲಿನ ತುಂಬಾ ಕಾಲೇಜುಗಳಿಗೆ ಒಂದೇ ಕಡೆಯಿಂದ ಅಪ್ಲೈ ಮಾಡೋ ಆನ್‌ಲೈನ್ ಫಾರ್ಮ್. ಅದ್ರ ಎಸ್ಸೆಗೆ ಏಳು ಪ್ರಶ್ನೆ ಇರುತ್ತೆ, ಯಾವ್ದಾದ್ರೂ ಒಂದಕ್ಕೆ 250ರಿಂದ 650 ಪದ ಬರೀಬೇಕು. ನಾನು ಪ್ರಶ್ನೆಗಳ ತಂಟೆಗೆ ಮೊದ್ಲು ಹೋಗ್ಲೇ ಇಲ್ಲ, ಯಾಕಂದ್ರೆ ಏಳನೇದು ಹೇಗೂ ನಿಮ್ಮಿಷ್ಟದ ವಿಷ್ಯ ಬರೀರಿ ಅನ್ನುತ್ತೆ, ವಿಷ್ಯ ಗಟ್ಟಿ ಇದ್ರೆ ಪ್ರಶ್ನೆ ಆಮೇಲೆ ಹೊಂದಿಸ್ಕೋಬೋದು.

ಮೊದ್ಲು ಅದೇ ಫಾರ್ಮಲ್ಲಿರೋ ಆ್ಯಕ್ಟಿವಿಟಿ ಲಿಸ್ಟ್, ಅಂದ್ರೆ ಕ್ಲಾಸಿನ ಹೊರಗೆ ಮಾಡಿದ್ದರ ಪಟ್ಟಿ, ತುಂಬಿದೆ. ಹತ್ತು ಆ್ಯಕ್ಟಿವಿಟಿಗೆ ಜಾಗ, ವಿವರಣೆಗೆ ತಲಾ 150 ಅಕ್ಷರ ಅಷ್ಟೇ. ಒಲಿಂಪಿಯಾಡ್, ರೊಬೊಟಿಕ್ಸ್ ಎಲ್ಲಾ ಅಲ್ಲೇ ಬಂತಲ್ಲ, ಅದನ್ನೇ ಎಸ್ಸೇಲಿ ಮತ್ತೆ ಊದೋದು ಯಾಕೆ ಅಂತ ಬಿಟ್ಟೆ. ಅನಾಥಾಶ್ರಮಕ್ಕೆ ಅರ್ಧ ದಿನ ಹೋಗ್ಬಂದು ಬದುಕೇ ಬದಲಾಯ್ತು ಅನ್ನೋ ಕತೆನೂ ಬೇಡ ಅನ್ನಿಸ್ತು, ಅದನ್ನ ನನ್ನ ಕ್ಲಾಸಲ್ಲಿ ಯಾರು ಬೇಕಾದ್ರೂ ಬರೀಬೋದಿತ್ತು.

ಉಳಿದಿದ್ದು ತೀರ್ಥಹಳ್ಳಿ ಕಡೆ ಅಜ್ಜಿ ಮನೇಲಿ ಅಡಿಕೆ ಆರಿಸೋ ಕೆಲ್ಸ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಗುಡ್ಡೆ ಹಾಕ್ಬೇಕು, ರೇಟ್ ನಿಂತಿರೋದೇ ಅದ್ರ ಮೇಲೆ. ಕೆಲವು ಅಡಿಕೆ ಯಾವ ಗುಡ್ಡೆಗೂ ಸರಿಯಾಗಿ ಸೇರಲ್ಲ, ಅಜ್ಜಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ‘ಇದು ಬೆಟ್ಟೆನೇ ಕಣೋ’ ಅಂದ್ರೆ ಮಂಡಿಯವ್ರು ಇನ್ನೊಂದು ಹೇಳೋರು. ಫೋಟೋ ನೋಡಿ ಗ್ರೇಡ್ ಹೇಳೋ ಪ್ರೋಗ್ರಾಂ ಮಾಡಕ್ಕೆ ಕೂತಾಗ ತಲೆ ಕೆಡ್ತು: ಪ್ರೋಗ್ರಾಂ ಕಲಿಯಕ್ಕೆ ಪ್ರತಿ ಫೋಟೋಗೂ ಸರಿ ಗ್ರೇಡ್ ಯಾವ್ದು ಅಂತ ಲೇಬಲ್ ಹಾಕಿ ಕೊಡ್ಬೇಕು, ಇಂಥ ಅಡಿಕೆ ಫೋಟೋಗೆ ಯಾರ ಮಾತು ಲೇಬಲ್ ಮಾಡೋದು, ಅಜ್ಜಿದಾ ಮಂಡಿದಾ? ಎಸ್ಸೆ ಪೂರ್ತಿ ಅದೊಂದೇ ಪ್ರಶ್ನೆ ಮೇಲೆ ಹೋಯ್ತು.

ಈ ಟಾಪಿಕ್ ಓಡುತ್ತೋ ಇಲ್ವೋ ಅಂತ ನೋಡಕ್ಕೆ, ಬರಿಯೋ ಮುಂಚೆ ಫೋನಲ್ಲಿ ಕನ್ನಡದಲ್ಲೇ ಮಾತಾಡಿ ರೆಕಾರ್ಡ್ ಮಾಡ್ಕೊಂಡೆ. ಒಲಿಂಪಿಯಾಡ್ ಬಗ್ಗೆ ಮಾತು ಬೇಗ ಬತ್ತೋಯ್ತು, ಅಡಿಕೆ ಬಗ್ಗೆ ನಿಲ್ಲಿಸಕ್ಕೇ ಆಗ್ಲಿಲ್ಲ. ಇಂಗ್ಲಿಷಲ್ಲೇ ಶುರು ಮಾಡಿದ್ರೆ ಪ್ಯಾಷನ್, ಲೀಡರ್‌ಶಿಪ್ ಅಂತ ದೊಡ್ಡ ದೊಡ್ಡ ಮಾತು ತಾನಾಗೇ ಬಂದ್ಬಿಡುತ್ತೆ, ಹಂಗಾಗಿ ಈ ಉಪಾಯ.

ಅಪ್ಪ ಡ್ರಾಫ್ಟ್ ಓದಿ ‘ಲಕ್ಷಗಟ್ಲೆ ಫೀಸ್ ಕಟ್ಟಿ ಕೋಚಿಂಗ್ ಕೊಡ್ಸಿದ್ರೆ ಅಡಿಕೆ ಕತೆ ಬರ್ದಿದ್ಯಲ್ಲೋ’ ಅಂದ್ರು.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಿಗೆ ಫಾರ್ಮ್ ಬೇರೆ. ಅಲ್ಲಿ ಎಂಟರಲ್ಲಿ ನಾಲ್ಕು ಪ್ರಶ್ನೆ ಆರಿಸ್ಕೊಂಡು ಒಂದೊಂದಕ್ಕೆ 350 ಪದದೊಳಗೆ ಉತ್ತರ ಕೊಡ್ಬೇಕು, ಕತೆ ಕಟ್ಟಕ್ಕೆ ಜಾಗ ಕಮ್ಮಿ, ನೇರವಾಗಿ ಹೇಳಿದ್ರೇ ವಾಸಿ. ಅಡಿಕೆನ ಒಂದು ಉತ್ತರಕ್ಕೆ ಮಾತ್ರ ಇಟ್ಟೆ. ಇಷ್ಟದ ಸಬ್ಜೆಕ್ಟ್ ಬಗ್ಗೆ ಇರೋ ಪ್ರಶ್ನೇಲಿ ಒಲಿಂಪಿಯಾಡ್‌ಗೂ ಜಾಗ ಸಿಕ್ತು, ಅಪ್ಪಂಗೂ ಸಮಾಧಾನ ಆಯ್ತು.