ದೊಡ್ಡಮ್ಮನ ಪಕ್ಕ ಕುಳಿತು ದೆವ್ವದ ಕಂತುಗಳ ವಿಮರ್ಶೆ ಬರೆದದ್ದು

ಹಳೆಯ ಅಮೆರಿಕನ್ ಟೀವಿಯ ದೆವ್ವ, ಕೊಲೆ, ರಹಸ್ಯಗಳ ಬಿಡಿಕಂತುಗಳಿಗೆ ಕನ್ನಡದಲ್ಲಿ ನಗೆಬರಹದ ಧಾಟಿಯ ವಿಮರ್ಶೆ ಬರೆಯತೊಡಗಿ ನನಗೆ ನಾಲ್ಕು ವರ್ಷಗಳಾದವು. ಪರಿಚಿತರೊಬ್ಬರು ನಡೆಸುವ ಸಣ್ಣ ಮಾಸಪತ್ರಿಕೆಯಲ್ಲಿ ತಿಂಗಳಿಗೆ ಒಂದು ಪುಟ ನನ್ನ ಪಾಲಿಗೆ ಬಂದಿದೆ. ಈ ಕಂತುಗಳಲ್ಲಿ ಪ್ರತಿ ವಾರವೂ ಕಥೆ ಹೊಸದು, ಪಾತ್ರಗಳು ಹೊಸವು. ವಾರದಿಂದ ವಾರಕ್ಕೆ ಉಳಿಯುವವನು ಕಥೆಯನ್ನು ಎತ್ತಿಕೊಟ್ಟು ಕೊನೆಯಲ್ಲಿ ಮಂಗಳ ಹಾಡುವ ಸೂತ್ರಧಾರ ಒಬ್ಬನೇ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದರೆ ಸುಮಾರು ಇಪ್ಪತ್ತೈದು ನಿಮಿಷ ಉಳಿಯುತ್ತದೆ. ನಮ್ಮ ಈಗಿನ ಧಾರಾವಾಹಿಯಲ್ಲಿ ಅಷ್ಟು ಹೊತ್ತಿಗೆ ಅತ್ತೆ ಸೊಸೆಯ ಕಡೆಗೆ ತಿರುಗಿ ನೋಡುವುದೂ ಮುಗಿದಿರುವುದಿಲ್ಲ. ಅಲ್ಲಿ ಒಂದು ಇಡೀ ಸಂಸಾರ ಮುಳುಗಿ ಹೋಗಿರುತ್ತದೆ.

ನನ್ನ ಮೊದಲ ವಿಮರ್ಶೆ ಹಾಳಾಗಿತ್ತು. ‘ದಿ ಟ್ವೈಲೈಟ್ ಝೋನ್’ ಮಾಲಿಕೆಯ, 1963ರ ಅಕ್ಟೋಬರಿನಲ್ಲಿ ಪ್ರಸಾರವಾದ ‘ನೈಟ್‌ಮೇರ್ ಅಟ್ 20,000 ಫೀಟ್’ ಕಂತನ್ನು ಆರಿಸಿಕೊಂಡಿದ್ದೆ. ನರಗಳ ಕಾಯಿಲೆಗೆ ಚಿಕಿತ್ಸೆ ಪಡೆದು ಮನೆಗೆ ಹೊರಟ ಗಂಡಸೊಬ್ಬ, ಹಾರುವ ವಿಮಾನದ ರೆಕ್ಕೆಯ ಮೇಲೆ ಒಂದು ಪ್ರಾಣಿ ಕುಳಿತು ಎಂಜಿನ್ ಕೀಳುತ್ತಿರುವುದನ್ನು ಕಿಟಕಿಯಿಂದ ನೋಡುತ್ತಾನೆ; ಬೇರೆ ಯಾರು ನೋಡಿದರೂ ಅದು ಮಾಯ. ಆ ಪ್ರಾಣಿಯ ರೋಮದ ವೇಷವನ್ನು ನಾನು ಶಾಲೆಯ ಛದ್ಮವೇಷ ಸ್ಪರ್ಧೆಗೆ ಬಾಡಿಗೆಗೆ ಸಿಗುವ ಕರಡಿ ವೇಷಕ್ಕೆ ಹೋಲಿಸಿ, ಪುಟದ ಮುಕ್ಕಾಲು ಭಾಗವನ್ನು ಅದರಲ್ಲಿಯೇ ತುಂಬಿಸಿದೆ. ಓದಿದವರು ಮೊದಲ ಹೋಲಿಕೆಗೆ ನಕ್ಕರು, ಎರಡನೆಯದಕ್ಕೆ ಸುಮ್ಮನಾದರು, ಮೂರನೆಯದಕ್ಕೆ ಪುಟ ಮಗುಚಿದರು. ಅರವತ್ತು ವರ್ಷ ಹಳೆಯ ವೇಷವನ್ನು ಆಡಿಕೊಳ್ಳುವುದು ಮುದುಕರ ಬೊಚ್ಚುಬಾಯಿಯನ್ನು ಆಡಿಕೊಂಡ ಹಾಗೆ. ಯಾರಿಗೂ ಬರುತ್ತದೆ, ಬಹಳ ಹೊತ್ತು ನಡೆಯುವುದಿಲ್ಲ.

ದಾರಿ ತೋರಿಸಿದವರು ಹನುಮಂತನಗರದ ಮನೆಯಲ್ಲಿ ನನ್ನ ಜೊತೆಗಿರುವ ದೊಡ್ಡಮ್ಮ. ಅವರಿಗೆ ಇಂಗ್ಲಿಷ್ ಬಾರದು. ದೆವ್ವಗಳ ವಿಷಯದಲ್ಲಿ ಮಾತ್ರ ಅವರ ಅಧಿಕಾರವನ್ನು ಮನೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕೂಗುವ ದೆವ್ವದ ಸುದ್ದಿ ಬೆಂಗಳೂರಿನ ಗಲ್ಲಿಗಳಲ್ಲಿ ಹಬ್ಬಿದಾಗ, ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದವರು ಅವರೇ. ಅದೇ ವಿಮಾನದ ಕಂತನ್ನು ಅವರ ಪಕ್ಕದಲ್ಲಿ ಕುಳಿತು, ಮಾತು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಮತ್ತೊಮ್ಮೆ ನೋಡಿದೆ. ವೇಷದ ಬಗ್ಗೆ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ಅವರ ಸಿಟ್ಟೆಲ್ಲ ಆ ಗಂಡಸಿನ ಹೆಂಡತಿಯ ಮೇಲೆ. “ಆಸ್ಪತ್ರೆಯಿಂದ ಈಗಷ್ಟೇ ಬಿಡಿಸಿಕೊಂಡು ಬಂದ ಗಂಡನನ್ನು ಕಿಟಕಿ ಪಕ್ಕ ಕೂರಿಸಿ ಇವಳು ನಿದ್ದೆ ಹೊಡೀತಾಳಲ್ಲೋ! ಒಳಗಡೆ ಸೀಟಿಗೆ ತಳ್ಳಿ ತಾನು ಕಿಟಕಿಗೆ ಕೂತಿದ್ದರೆ ಕಥೆಯೇ ಇರ್ತಿರಲಿಲ್ಲ” ಎಂದರು. ನಾನು ಮೂರು ಸಲ ನೋಡಿಯೂ ನನ್ನ ತಲೆಗೆ ಹೊಳೆಯದ ಮಾತು ಅದು. ಕಥೆ ಬರೆದ ರಿಚರ್ಡ್ ಮ್ಯಾಥೆಸನ್ ಆ ಕಿಟಕಿಯ ಪಕ್ಕದಲ್ಲಿ ತುರ್ತು ಬಾಗಿಲನ್ನೂ ಇಟ್ಟಿದ್ದಾನೆ. ಅಂದರೆ ಅವನಿಗೂ ಆ ಸೀಟಿನ ಬೆಲೆ ತಿಳಿದಿತ್ತು. ದೆವ್ವ ಎದುರಿಗಿರುವಾಗ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದರ ಕಡೆಗೆ ಅಂದಿನಿಂದ ನನ್ನ ಪೆನ್ನು ತಿರುಗಿತು, ವೇಷಗಳಿಗೆ ಬಿಡುವು ಸಿಕ್ಕಿತು.

ಈಗ ಒಂದು ಕಂತನ್ನು ಮೂರು ಸಲ ನೋಡುತ್ತೇನೆ. ಮೊದಲ ಸಲ ದೀಪ ಆರಿಸಿ, ಕೈಯಲ್ಲಿ ಏನೂ ಇಲ್ಲದೆ, ಹೆದರುವುದಿದ್ದರೆ ಪ್ರಾಮಾಣಿಕವಾಗಿ ಹೆದರಲು; ಹೆದರದವನು ಬರೆದ ಹಾಸ್ಯದಲ್ಲಿ ಎಲ್ಲೋ ಒಂದು ಕಡೆ ಜಂಬ ಇಣುಕುತ್ತದೆ. ಎರಡನೆಯ ಸಲ ದೊಡ್ಡಮ್ಮನ ಜೊತೆಗೆ, ನೋಟ್‌ಬುಕ್ಕಿನ ಎಡಪುಟದಲ್ಲಿ ನಿಮಿಷವನ್ನೂ ಬಲಪುಟದಲ್ಲಿ ಅವರ ಮಾತನ್ನೂ ಬರೆದುಕೊಳ್ಳುತ್ತಾ. ಮೂರನೆಯ ಸಲ ಶಬ್ದ ಪೂರ್ತಿ ನಿಲ್ಲಿಸಿ. ಹೆದರಿಕೆಯ ಅರ್ಧ ಭಾಗ ಪಿಟೀಲಿನಲ್ಲಿದೆ. ಅದನ್ನು ತೆಗೆದುಹಾಕಿದಾಗ, ಹೆಣ ಬಿದ್ದಿರುವ ಕೋಣೆಯಲ್ಲಿ ನಟರು ಟೇಬಲ್ಲಿನ ಮೇಲಿನ ಹೂದಾನಿಯನ್ನು ಎಷ್ಟು ಸಲ ಸರಿಪಡಿಸುತ್ತಾರೆ ಎನ್ನುವಂಥ ಸಂಗತಿಗಳು ಕಣ್ಣಿಗೆ ಬೀಳುತ್ತವೆ.

ನಾನು ಬರೆದವುಗಳಲ್ಲಿ ನನಗೇ ಒಪ್ಪಿಗೆಯಾದದ್ದು ‘ಟ್ವೈಲೈಟ್ ಝೋನ್’ನದೇ ‘ನಿಕ್ ಆಫ್ ಟೈಮ್’ ಕಂತಿನದು. 1960ರ ನವೆಂಬರಿನ ಈ ಕಂತಿನಲ್ಲಿ ದೆವ್ವವೇ ಇಲ್ಲ. ಹೊಸದಾಗಿ ಮದುವೆಯಾದ ಗಂಡಹೆಂಡಿರ ಕಾರು ಒಹಾಯೋದ ಸಣ್ಣ ಊರೊಂದರಲ್ಲಿ ಕೆಡುತ್ತದೆ. ರಿಪೇರಿಯಾಗುವವರೆಗೆ ಹೋಟೆಲಿನಲ್ಲಿ ಕೂರುತ್ತಾರೆ. ಟೇಬಲ್ಲಿನ ಮೇಲೆ ಸೈತಾನನ ತಲೆ ಹೊತ್ತ ಒಂದು ಭವಿಷ್ಯದ ಯಂತ್ರವಿದೆ. ಒಂದು ಪೆನ್ನಿ ಹಾಕಿ ಪ್ರಶ್ನೆ ಕೇಳಿದರೆ ಚೀಟಿ ಬರುತ್ತದೆ. ಬಡ್ತಿ ಸಿಗುವುದೇ ಎಂದು ಗಂಡ ಕೇಳುತ್ತಾನೆ, ಅನುಕೂಲವಾದ ಉತ್ತರ ಬರುತ್ತದೆ, ಆಫೀಸಿಗೆ ಫೋನ್ ಮಾಡಿದರೆ ಬಡ್ತಿ ನಿಜವೇ ಆಗಿರುತ್ತದೆ. ಅಲ್ಲಿಂದ ಮುಂದೆ ಆ ಮನುಷ್ಯ ಯಂತ್ರವನ್ನು ಕೇಳದೆ ಕುರ್ಚಿಯಿಂದ ಏಳಲಾರ. ಇದನ್ನು ಕನ್ನಡದ ಓದುಗರಿಗೆ ಹೇಗೆ ದಾಟಿಸುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ದೊಡ್ಡಮ್ಮ, “ಇದು ನಮ್ಮ ಸಿಟಿ ಸ್ಟೇಷನ್ನಿನ ತೂಕದ ಮಿಷನ್ನೇ ಅಲ್ಲವೇನೋ” ಎಂದುಬಿಟ್ಟರು. ಕೆಂಪು, ಹಸಿರು ದೀಪ ಮಿನುಗಿಸುತ್ತಾ, ನಾಣ್ಯ ನುಂಗಿ ಗಡಗಡ ಸದ್ದು ಮಾಡಿ, ಒಂದು ಬದಿಗೆ ತೂಕವನ್ನೂ ಮತ್ತೊಂದು ಬದಿಗೆ ನಮ್ಮ ಗುಣಸ್ವಭಾವವನ್ನೂ ಮುದ್ರಿಸಿದ ದಪ್ಪ ಚೀಟಿಯನ್ನು ಉಗುಳುತ್ತಿದ್ದ ಯಂತ್ರ. ದೊಡ್ಡಮ್ಮನ ಪರ್ಸಿನಲ್ಲಿ ಅಂಥದೊಂದು ಚೀಟಿ ಇಂದಿಗೂ ಇದೆ; ತೂಕದ ಅಂಕಿ ಅಳಿಸಿಹೋಗಿದೆ, ‘ನೀವು ಉದಾರಿಗಳು’ ಎನ್ನುವ ಬದಿ ಚೆನ್ನಾಗಿ ಉಳಿದಿದೆ. ಆ ವಿಮರ್ಶೆಯನ್ನು ನಾನು ಆ ಚೀಟಿಯಿಂದಲೇ ಆರಂಭಿಸಿದೆ. ಬಡ್ತಿಗಾಗಿ ಕಾಯುತ್ತಿರುವ ಗುಮಾಸ್ತನಿಗೆ ಯಂತ್ರದ ಮೇಲೆ ಸೈತಾನನ ತಲೆ ಇರಬೇಕಾದ ಅಗತ್ಯವೇ ಇಲ್ಲ, ತೂಕದ ಮಿಷನ್ ಸಾಕು ಎಂದು ಬರೆದದ್ದಕ್ಕೆ ಆಫೀಸುಗಳಲ್ಲಿ ಕೆಲಸ ಮಾಡುವ ಓದುಗರು ಹೆಚ್ಚು ನಕ್ಕರು.

ಎರಡೂ ಕಂತುಗಳಲ್ಲಿ ಗಂಡನಾಗಿ ನಟಿಸಿದವನು ವಿಲಿಯಂ ಶಾಟ್ನರ್. ಬೋರಿಸ್ ಕಾರ್ಲಾಫ್ ನಡೆಸಿಕೊಟ್ಟ ‘ಥ್ರಿಲ್ಲರ್’ ಮಾಲಿಕೆಯಲ್ಲಿಯೂ, ‘ದಿ ಔಟರ್ ಲಿಮಿಟ್ಸ್’ನಲ್ಲಿಯೂ ಅವನೇ ಸಿಕ್ಕಾಗ ದೊಡ್ಡಮ್ಮ, “ಪಾಪ, ಈ ಹುಡುಗನ ಜಾತಕ ಯಾರಾದರೂ ನೋಡಬಾರದೇ” ಎಂದು ನಿಜವಾಗಿಯೂ ಮರುಗಿದರು.

ಹಿಚ್‌ಕಾಕನ ಮಾಲಿಕೆಯ ಬಗ್ಗೆ ಬರೆಯುವುದು ಬೇರೆ ರೀತಿಯ ಕಷ್ಟ, ಏಕೆಂದರೆ ಅಲ್ಲಿ ಹಾಸ್ಯ ಮಾಡುವ ಕೆಲಸವನ್ನು ಸೂತ್ರಧಾರನೇ ಮಾಡಿ ಮುಗಿಸಿರುತ್ತಾನೆ. 1955ರಲ್ಲಿ ಆರಂಭವಾದ ‘ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ನಲ್ಲಿ ಆತ ಕಥೆಗೆ ಮುಂಚೆಯೂ ಕಥೆಯ ನಂತರವೂ ಬಂದು, ತನಗೆ ಸಂಬಳ ಕೊಡುವ ಜಾಹೀರಾತುದಾರರನ್ನೇ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಗೇಲಿ ಮಾಡುತ್ತಾನೆ. 1958ರ ‘ಲ್ಯಾಂಬ್ ಟು ದಿ ಸ್ಲಾಟರ್’ ಕಂತಿನ ಕಥೆ ರೋಲ್ಡ್ ಡಾಲನದು. ಬಿಟ್ಟುಹೋಗುತ್ತೇನೆಂದ ಪೊಲೀಸ್ ಗಂಡನನ್ನು ಬಸುರಿ ಹೆಂಡತಿ, ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಕುರಿಯ ತೊಡೆಯಿಂದ ಹೊಡೆದು ಕೊಲ್ಲುತ್ತಾಳೆ. ಆಮೇಲೆ ಅದನ್ನು ಬೇಯಿಸಿ, ಆಯುಧ ಹುಡುಕಲು ಬಂದ ಪೊಲೀಸರಿಗೇ ಬಡಿಸುತ್ತಾಳೆ. ದೊಡ್ಡಮ್ಮ ಈರುಳ್ಳಿಯನ್ನೂ ಮುಟ್ಟದವರು. ಆದರೂ ಬಡಿಸುವ ಘಟ್ಟಕ್ಕೆ ಬಂದಾಗ ಮುಖ ಸಿಂಡರಿಸಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಬೀದಿಯಲ್ಲಾಗಿದ್ದರೆ ಇವಳು ಸಿಕ್ಕಿಬೀಳ್ತಿದ್ದಳು. ಬೇಸಗೆಯಲ್ಲಿ ಎರಡು ಗಂಟೆ ಕರೆಂಟು ಹೋದರೆ ಆ ತೊಡೆ ಮೆತ್ತಗಾಗ್ತಿತ್ತು” ಎಂದರು. ನಾನು ಪೆನ್ನು ಕೆಳಗಿಟ್ಟೆ. ಏಕೆಂದರೆ ಆಗಿನ್ನೂ ಹಿಚ್‌ಕಾಕ್ ತೆರೆಯ ಮೇಲೆ ಮರಳಿ ಬಂದಿರಲಿಲ್ಲ. ಒಂದು ನಿಮಿಷದ ನಂತರ ಆತ ಬಂದು, ಆಕೆ ಎರಡನೆಯ ಗಂಡನನ್ನೂ ಹೀಗೆಯೇ ಮುಗಿಸಲು ಹೋಗಿ ಸಿಕ್ಕಿಬಿದ್ದಳೆಂದೂ, ಆ ಮರೆಗುಳಿ ಗಂಡ ಫ್ರೀಜರಿನ ಪ್ಲಗ್ ಹಾಕುವುದನ್ನೇ ಮರೆತಿದ್ದರಿಂದ ಮಾಂಸ ಮೆತ್ತಗಾಗಿತ್ತೆಂದೂ ತಿಳಿಸಿದ. ನಾನದನ್ನು ಕನ್ನಡದಲ್ಲಿ ಹೇಳಿದಾಗ ದೊಡ್ಡಮ್ಮನಿಗೆ ಯಾವ ಆಶ್ಚರ್ಯವೂ ಆಗಲಿಲ್ಲ. ಅಡುಗೆಮನೆಯಲ್ಲಿ ಐವತ್ತು ವರ್ಷ ಕಳೆದವರಿಗೆ ಇದೊಂದು ರಹಸ್ಯವೇ ಎನ್ನುವಂತೆ ಎದ್ದು ಹಾಲು ಹೆಪ್ಪು ಹಾಕಲು ಹೋದರು.

ಇನ್ನು ನನ್ನ ಮೇಲೆ ಬಂದ ಅನಾಹುತ. 1962ರ ಮಾರ್ಚಿನಲ್ಲಿ ಪ್ರಸಾರವಾದ, ‘ಟ್ವೈಲೈಟ್ ಝೋನ್’ನದೇ ‘ಟು ಸರ್ವ್ ಮ್ಯಾನ್’ ಕಂತಿನಲ್ಲಿ ಒಂಬತ್ತು ಅಡಿ ಎತ್ತರದ ಅನ್ಯಲೋಕದವರು ಭೂಮಿಗೆ ಬಂದು ಹಸಿವನ್ನೂ ಯುದ್ಧವನ್ನೂ ನಿಲ್ಲಿಸುತ್ತಾರೆ. ಅವರು ಬಿಟ್ಟುಹೋದ ಪುಸ್ತಕದ ಹೆಸರನ್ನು ಮಾತ್ರ ಮನುಷ್ಯರು ಮೊದಲು ಬಿಡಿಸಿ ಓದುತ್ತಾರೆ. ಇಡೀ ಕಂತು ನಿಂತಿರುವುದು ಆ ಹೆಸರಿನ ಶ್ಲೇಷೆಯ ಮೇಲೆ. ಇಂಗ್ಲಿಷಿನ ಶ್ಲೇಷೆ ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಹೆಣವಾಗಿ ಬರುತ್ತದೆ. ಇಲ್ಲಿ ಮಾತ್ರ ನಮ್ಮ ಭಾಷೆಯೇ ಕೈಹಿಡಿಯಿತು. ಗುರುಹಿರಿಯರನ್ನು ಸೇವಿಸುತ್ತೇವೆ, ಊಟಕ್ಕೆ ಮುಂಚೆ ಮಾತ್ರೆಯನ್ನೂ ಸೇವಿಸುತ್ತೇವೆ. ಹಾಗಾಗಿ ‘ಮಾನವರನ್ನು ಸೇವಿಸುವ ಬಗೆ’ ಎಂದು ಶೀರ್ಷಿಕೆ ಕೊಟ್ಟು, ಓದುಗರು ಮೊದಲರ್ಧದಲ್ಲಿ ಕೈಮುಗಿದು ಕೊನೆಯಲ್ಲಿ ಬೆಚ್ಚಿಬೀಳಲಿ ಎಂದು ಎರಡು ವಾರ ಆ ಬರಹವನ್ನು ತಿದ್ದಿದೆ. ಪತ್ರಿಕೆ ಕೈಗೆ ಬಂದಾಗ ಶೀರ್ಷಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ‘ಮಾನವ ಸೇವನೆ’ ಎಂದಿತ್ತು. ಪುಟ ಕಟ್ಟಿದವರಿಗೆ ನನ್ನ ಶೀರ್ಷಿಕೆ ಉದ್ದವಾಗಿ ಕಂಡಿದೆ, ಅವರು ಒಳ್ಳೆಯ ಮನಸ್ಸಿನಿಂದಲೇ ಚಿಕ್ಕದು ಮಾಡಿದ್ದಾರೆ. ಕೊನೆಯನ್ನು ಬಿಟ್ಟುಕೊಡಬಾರದೆಂದು ನಾನು ಒಳಗೆ ಎಷ್ಟು ಜಾಣತನದಿಂದ ಸುತ್ತಿ ಬಳಸಿ ಬರೆದಿದ್ದೆನೋ, ಅಷ್ಟೂ ಈಗ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕಾಣುತ್ತಿತ್ತು. ಅಚ್ಚಾದದ್ದು ಅಚ್ಚಾಯಿತು, ಅದಕ್ಕಾಗಿಯೇ ಇಲ್ಲಿಯೂ ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಅಂದಿನಿಂದ ಶೀರ್ಷಿಕೆಯನ್ನು ಎರಡು ಪದ ಮೀರದಂತೆ ನಾನೇ ಕೊಡುತ್ತೇನೆ.

ಎಲ್ಲ ಕಂತುಗಳೂ ವಿಮರ್ಶೆಗೆ ಒಗ್ಗುವುದಿಲ್ಲ. ‘ಟ್ವೈಲೈಟ್ ಝೋನ್’ನ ಒಟ್ಟು 156 ಕಂತುಗಳಲ್ಲಿ 1963ರ ನಾಲ್ಕನೆಯ ಸರಣಿಯ ಹದಿನೆಂಟು ಕಂತುಗಳನ್ನು ಒಂದು ಗಂಟೆಗೆ ಹಿಗ್ಗಿಸಿದ್ದಾರೆ, ಹೆಚ್ಚಿನವು ನೀರು ಬೆರೆಸಿದ ಮಜ್ಜಿಗೆ. ಖರ್ಚು ಉಳಿಸಲು ಎರಡನೆಯ ಸರಣಿಯ ಆರು ಕಂತುಗಳನ್ನು ವಿಡಿಯೋ ಟೇಪಿನಲ್ಲಿ ಚಿತ್ರಿಸಿದ್ದರಿಂದ ಅವು ಹಳೆಯ ದೂರದರ್ಶನದ ಸ್ಟುಡಿಯೋ ನಾಟಕಗಳಂತೆ ಕಾಣುತ್ತವೆ, ನನಗೆ ಅವುಗಳ ಮೇಲೆ ವಿನಾಕಾರಣ ಪ್ರೀತಿ. ಸೂತ್ರಧಾರ ರಾಡ್ ಸರ್ಲಿಂಗನನ್ನು ಮಾತ್ರ ನಾನು ಆಡಿಕೊಂಡಿಲ್ಲ. 92 ಕಂತುಗಳನ್ನು ತಾನೇ ಬರೆದು, ಹರಿಕಥೆಯ ದಾಸರಂತೆ ಪೀಠಿಕೆಯನ್ನೂ ಮಂಗಳವನ್ನೂ ತಾನೇ ಹೇಳಿದವನು, ಮೊದಲ ಸರಣಿಯ ಕೊನೆಯ ಕಂತಿನಲ್ಲಿ ಟೇಪಿನಲ್ಲಿ ವರ್ಣಿಸಿದವರಿಗೆಲ್ಲ ಜೀವ ಬರಿಸುವ ನಾಟಕಕಾರನ ಪಾತ್ರವೊಂದು ತನ್ನ ಹೆಸರಿನ ಟೇಪನ್ನು ಬೆಂಕಿಗೆ ಎಸೆದಾಗ ತೆರೆಯ ಮೇಲಿಂದಲೇ ಮಾಯವಾಗುತ್ತಾನೆ. ತನ್ನನ್ನು ತಾನೇ ಅಷ್ಟು ಚೆನ್ನಾಗಿ ಗೇಲಿ ಮಾಡಿಕೊಂಡವನಿಗೆ ನಾನು ಹೊಸದಾಗಿ ಸೇರಿಸುವುದೇನೂ ಇರಲಿಲ್ಲ.

ಕಳೆದ ತಿಂಗಳು ನೋಡಿದ್ದು 1961ರ ‘ದಿ ಇನ್ವೇಡರ್ಸ್’. ಒಂಟಿ ಮನೆಯಲ್ಲಿರುವ ಬಡ ಹೆಂಗಸಿನ ಅಟ್ಟದ ಮೇಲೆ ಪುಟ್ಟ ಹಾರುವ ತಟ್ಟೆಯೊಂದು ಬಂದಿಳಿಯುತ್ತದೆ, ಅದರೊಳಗಿಂದ ಗೇಣುದ್ದದ ಆಗಂತುಕರು ಬಂದು ಕಾಡುತ್ತಾರೆ. ಆ ಹೆಂಗಸಾಗಿ ನಟಿಸಿದ ಆಗ್ನೆಸ್ ಮೂರ್‌ಹೆಡ್ ಕಂತಿನುದ್ದಕ್ಕೂ ಒಂದೇ ಒಂದು ಮಾತನ್ನೂ ಆಡುವುದಿಲ್ಲ; ನರಳಾಟ, ಕಿರುಚಾಟ, ಕೈಯಲ್ಲಿ ಕೊಡಲಿ, ಅಷ್ಟೇ. ಸರ್ಲಿಂಗನ ಪೀಠಿಕೆ ಮುಗಿದ ಮೇಲೆ ನನಗೆ ಅನುವಾದಿಸುವ ಕೆಲಸವಿರಲಿಲ್ಲ, ದೊಡ್ಡಮ್ಮನಿಗೆ ಬೇಕಾಗಿಯೂ ಇರಲಿಲ್ಲ. ಆ ಹೆಂಗಸು ಏಟು ತಿಂದಾಗಲೆಲ್ಲ ಇವರು ಕುರ್ಚಿಯ ಕೈಯನ್ನು ಹಿಡಿದು, “ನಿಮ್ಮ ಮನೆ ಹಾಳಾಗ, ಒಂಟಿ ಹೆಂಗಸಿನ ಮೇಲೆ ಬರ್ತೀರಾ” ಎಂದು ಆ ಪುಟ್ಟ ಆಗಂತುಕರಿಗೆ ಶಾಪ ಹಾಕುತ್ತಿದ್ದರು. ಬಲಪುಟ ಶಾಪಗಳಿಂದಲೇ ತುಂಬಿತು. ಕೊನೆಯಲ್ಲಿ ಹಾರುವ ತಟ್ಟೆಯ ಒಳಗಿಂದ ಒಂದು ದನಿ ಮಾತನಾಡುತ್ತದೆ, ಮತ್ತು ತಟ್ಟೆಯ ಮೇಲೆ ಬರೆದ ಅಮೆರಿಕದ ವಾಯುಪಡೆಯ ಹೆಸರನ್ನು ಕ್ಯಾಮೆರಾ ತೋರಿಸುತ್ತದೆ. ನಾನು ಎರಡನ್ನೂ ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ತೆರೆಯನ್ನು ಒಂದು ಸಲ ನೋಡಿ ಕೇಳಿದರು: “ಹಾಗಾದರೆ ನಾನು ಇಷ್ಟು ಹೊತ್ತು ಶಾಪ ಹಾಕಿದ್ದು ಯಾರಿಗೋ?”