ಐದು ಗುಂಡೂ ತಡೆಯಿಲ್ಲದೆ ಏರಬೇಕಾದರೆ

2024ರ ಲೋಕಸಭಾ ಚುನಾವಣೆ ಮುಗಿದ ಮೇಲೆ ಠಾಣೆಗೆ ಒಪ್ಪಿಸಿದ್ದ ರೈಫಲ್ಲನ್ನು ಮನೆಗೆ ತಂದೆ. ಕುಷ್ಟಗಿ ಕಡೆ ನಮ್ಮದು ಶೇಂಗಾ ಹೊಲ, ಲೈಸೆನ್ಸ್ ಬೆಳೆ ರಕ್ಷಣೆಯದು. ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆಯೇ ನಿಷೇಧಿಸಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡುಹಂದಿಯ ಮೇಲೂ ಗುಂಡು ಹಾರಿಸುವಂತಿಲ್ಲ. ಆದರೂ ಮನೆಯಲ್ಲಿರುವ ಆಯುಧ ಸರಿಯಾಗಿರಬೇಕು. ಅರ್ಧಕ್ಕೆ ಸಿಕ್ಕಿಕೊಂಡ ಗುಂಡನ್ನು ಕತ್ತಲಲ್ಲಿ ಬಿಡಿಸುವುದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಅಳಿಯ ನನ್ನೆದುರೇ ಮ್ಯಾಗಜಿನ್ನಿಗೆ, ಅಂದರೆ ಗುಂಡು ತುಂಬುವ ಡಬ್ಬಿಗೆ, ಡಮ್ಮಿ (ಮದ್ದಿಲ್ಲದ ನಕಲಿ) ಗುಂಡು ತುಂಬಿ, ಗುಂಡನ್ನು ನಳಿಕೆಗೆ ತಳ್ಳುವ ಬೋಲ್ಟ್ ಎಳೆದ. ಮೊದಲನೆಯದೇ ಅಲ್ಲಾಡಲಿಲ್ಲ. "ಮಾವ, ಮ್ಯಾಗಜಿನ್ನಿನ ತುಟಿಯನ್ನು ಸ್ವಲ್ಪ ಉಜ್ಜಿಬಿಡಲೇ?" ಎಂದು ಅರ ಎತ್ತಿಕೊಂಡ. ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ತುಟಿಯೆಂದರೆ ಗುಂಡನ್ನು ಹಿಡಿದಿಡುವ ಬಾಯಂಚು, ಅದನ್ನು ಒಮ್ಮೆ ಸವೆಸಿದರೆ ಆ ಮ್ಯಾಗಜಿನ್ ಮುಗಿದಂತೆಯೇ.

ನಮ್ಮದು ಇಷಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯ .315 ಬೋರ್ ರೈಫಲ್, ಹಳೆಯ ಬ್ರಿಟಿಷ್ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್. ಇದರ ಗುಂಡಿನ ತಳದಲ್ಲಿ ಹಿತ್ತಾಳೆಯ ಅಂಚು ಹೊರಚಾಚಿರುತ್ತದೆ. ತೊಂದರೆಯ ಬೇರು ಅಲ್ಲಿದೆ. ಎರಡು ಡಮ್ಮಿಗಳನ್ನು ಒಂದರ ಮೇಲೊಂದು ಹಿಡಿದು ಅವನಿಗೆ ತೋರಿಸಿದೆ. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತಿದ್ದರೆ, ಬೋಲ್ಟ್ ಮುಂದೆ ತಳ್ಳಿದಾಗ ಕೊಂಡಿಯಂತೆ ಸಿಕ್ಕಿಕೊಳ್ಳುತ್ತದೆ. ಮುಂದೆ ಕೂತಿದ್ದರೆ ನುಣ್ಣಗೆ ಜಾರುತ್ತದೆ. ಮೊದಲ ಗುಂಡನ್ನು ಹಿಂದಿನ ಗೋಡೆಗೆ ತಾಗುವಂತೆ ಒತ್ತಿ. ಎರಡನೆಯದರ ಅಂಚು ಮೊದಲನೆಯದರ ಅಂಚಿನ ಮುಂದೆಯೇ ನಿಲ್ಲಲಿ. ಐದಕ್ಕೂ ಇದೇ ಕ್ರಮ. ಅಳಿಯ ಮತ್ತೆ ಹಾಗೆ ತುಂಬಿದ, ಐದೂ ಏರಿದವು.

ಪರೀಕ್ಷೆಗೆ ಮೊದಲು ಮ್ಯಾಗಜಿನ್ ಕಳಚಿ, ಬೋಲ್ಟ್ ತೆರೆದು, ಚೇಂಬರಿನೊಳಗೆ (ನಳಿಕೆಯಲ್ಲಿ ಗುಂಡು ಕೂರುವ ಜಾಗ) ಕಣ್ಣು ಹಾಯಿಸಿ, ಬೆರಳಿನಿಂದಲೂ ಮುಟ್ಟಿ ನೋಡಿ. ಜೀವಂತ ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಡಮ್ಮಿಗಳನ್ನು ಖರೀದಿಸಿ, ಮನೆಯಲ್ಲಿ ಗುಂಡು ಬಿಚ್ಚಿ ಮಾಡಿಕೊಳ್ಳಬೇಡಿ.

ಗುಂಡಿನ ಮೂತಿ ಕೆಳಕ್ಕೆ ಬಾಗಿ ಬಡಿಯುತ್ತಿದ್ದರೆ, ಅಥವಾ ಬೋಲ್ಟ್ ಗುಂಡಿನ ಮೇಲೆಯೇ ಹಾದುಹೋದರೆ, ಮ್ಯಾಗಜಿನ್ ಪೂರ್ತಿ ಕೂತಿದೆಯೇ ನೋಡಿ. ಕೊಕ್ಕೆ 'ಟಕ್' ಎನ್ನುವವರೆಗೆ ಮೇಲಕ್ಕೆ ಒತ್ತಬೇಕು. ಖಾಲಿ ಮ್ಯಾಗಜಿನ್ನಿನಲ್ಲಿ ಗುಂಡುಗಳನ್ನು ಮೇಲೆತ್ತುವ ಒಳತಟ್ಟೆಯನ್ನು ಹೆಬ್ಬೆರಳಿನಿಂದ ಅದುಮಿ ಬಿಡಿ. ಎಲ್ಲಿಯೂ ತಡವರಿಸದೆ ಮೇಲೇಳಬೇಕು. ತಡವರಿಸಿದರೆ ಒಳಗೆ ಧೂಳು, ಇಲ್ಲವೇ ಸ್ಪ್ರಿಂಗ್ ಸೋತಿದೆ. ನಮ್ಮ ಎರೆಭೂಮಿಯ ಬೇಸಿಗೆ ಧೂಳು ಎಣ್ಣೆಗೆ ಅಂಟಿದರೆ ಕೆಸರೇ ಆಗುತ್ತದೆ. ಮ್ಯಾಗಜಿನ್ನಿಗೆ ಎಣ್ಣೆ ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಚೇಂಬರಂತೂ ಒಣಗಿರಲೇಬೇಕು, ಎಣ್ಣೆ ಇದ್ದರೆ ಹಾರಿಸಿದಾಗ ಬೋಲ್ಟಿನ ಮೇಲೆ ಒತ್ತಡ ಹೆಚ್ಚುತ್ತದೆ.

ಚರ್ಮದ ಪಟ್ಟಿಯಲ್ಲಿ ವರ್ಷಗಟ್ಟಲೆ ಇಟ್ಟ ಗುಂಡಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಂಥದ್ದನ್ನು ತುಂಬಬೇಡಿ.

ಇನ್ನು ಕೈಯ ತಪ್ಪು. ಗಾಬರಿಯಲ್ಲಿ ಬೋಲ್ಟನ್ನು ಮುಕ್ಕಾಲು ಭಾಗ ಎಳೆದು ಮುಂದೆ ತಳ್ಳಿದರೆ ಹಳೆಯ ಖಾಲಿ ಕವಚ ಹೊರಬೀಳುವುದಿಲ್ಲ, ಹೊಸ ಗುಂಡೂ ಸಿಗುವುದಿಲ್ಲ. ಹಿಂದೆ ತಡೆಗೆ ಬಡಿಯುವವರೆಗೆ ಎಳೆದು, ನಿಲ್ಲಿಸದೆ ತಳ್ಳುವುದನ್ನು ಡಮ್ಮಿಗಳಲ್ಲೇ ರೂಢಿಸಿಕೊಳ್ಳಿ.

ಇಷ್ಟಾದರೂ ಸಿಕ್ಕಿಕೊಂಡರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿ ಒಯ್ಯಿರಿ. ಎಷ್ಟನೆಯ ಗುಂಡು, ಮೂತಿ ಎಲ್ಲಿ ಬಡಿಯಿತು ಎಂದು ಬರೆದುಕೊಂಡು, ಗೀರುಬಿದ್ದ ಡಮ್ಮಿಯನ್ನೂ ಜೊತೆಗೆ ಕೊಡಿ.