ದಾಳಿ ಮುಗಿದ ಮೇಲೆ ಬರುವ ವೀರ: ಎಂಟು ಪುಟದ ಕಾಮಿಕ್ ಮಾಡುವ ಬಗೆ

ಗೌರಿಬಿದನೂರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ನಾನು ಚಿತ್ರಕಲೆ ಕಲಿಸುತ್ತೇನೆ. ಭಯೋತ್ಪಾದಕ ದಾಳಿಯ ಸುದ್ದಿ ಬಂದಾಗಲೆಲ್ಲ ಅವರ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಬ್ಬ ಮಹಾವೀರ ಹುಟ್ಟುತ್ತಾನೆ. ಅವನನ್ನು ಪುಸ್ತಕವಾಗಿ ಬೆಳೆಸುವ ಆಸೆಯಿದ್ದವರಿಗೆ ಈ ಮಾತುಗಳು.

ವೀರ ದಾಳಿಯನ್ನು ತಡೆಯುತ್ತಾನೋ, ಮುಗಿದ ಮೇಲೆ ಬರುತ್ತಾನೋ ಎಂಬುದನ್ನು ಮೊದಲು ತೀರ್ಮಾನಿಸಿ. ನಿಜವಾಗಿ ನಡೆದ ದುರಂತವಾದರೆ ಅವನು ತಡವಾಗಿಯೇ ಬರಬೇಕು. ಸತ್ತವರನ್ನು ಕಾಗದದ ಮೇಲೆ ಬದುಕಿಸಿದರೆ ಅವರ ಮನೆಯವರಿಗೆ ಯಾವ ಮುಖ ತೋರಿಸುವುದು? ಅಮೆರಿಕದ ಕಾಮಿಕ್ ವೀರ ಕ್ಯಾಪ್ಟನ್ ಅಮೆರಿಕ 1941ರ ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ಮುಖಕ್ಕೆ ಗುದ್ದಿದ್ದ. ಆಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, 2002ರಲ್ಲಿ ಹೊಸದಾಗಿ ಆರಂಭವಾದ ಸರಣಿಯಲ್ಲಿ ಅದೇ ವೀರ ಕುಸಿದ ಕಟ್ಟಡಗಳ ಅವಶೇಷಗಳ ನಡುವೆ ಅಗೆಯುತ್ತಾನೆ. ಸೇಡಿನಿಂದ ಕುದಿಯುತ್ತಿದ್ದವನಿಂದ ಅರಬ್ ಮೂಲದ ಯುವಕನೊಬ್ಬನನ್ನು ಕಾಪಾಡುತ್ತಾನೆ. ನನಗೆ ಆ ಗುದ್ದಿಗಿಂತ ಈ ರಕ್ಷಣೆಯೇ ದೊಡ್ಡದು. ನಿಮ್ಮ ಕಥೆಯಲ್ಲೂ ಶತ್ರು ಎಂದರೆ ಬಂದೂಕು ಹಿಡಿದವನು ಮತ್ತು ಅದನ್ನು ಹಿಡಿಸಿದವನು. ಗಡ್ಡ, ಟೋಪಿ ಬಿಡಿಸಿ ಖಳನನ್ನು ಗುರುತಿಸುವ ಸುಲಭದ ದಾರಿ ಬೇಡವೇ ಬೇಡ. ಅಂಥದೇ ಟೋಪಿ ಹಾಕಿದ ಹುಡುಗ ನಿಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಇದನ್ನು ಓದುತ್ತಾನೆ.

ವೀರನ ಶಕ್ತಿಯನ್ನು ಮನುಷ್ಯರಿಂದ ಎರವಲು ಪಡೆಯಿರಿ. 2008ರ ನವೆಂಬರ್ 26ರ ರಾತ್ರಿ ಮುಂಬೈಯಲ್ಲಿ ಪೊಲೀಸ್ ತುಕಾರಾಂ ಓಂಬ್ಳೆ ಭಯೋತ್ಪಾದಕ ಕಸಬ್‌ನ ಬಂದೂಕಿನ ನಳಿಗೆಯನ್ನು ಹಿಡಿದರು. ಗುಂಡು ಹೊಕ್ಕರೂ ಬಿಡಲಿಲ್ಲ. ರೈಲು ನಿಲ್ದಾಣದ ಘೋಷಕ ವಿಷ್ಣು ಝೆಂಡೆ ಮೈಕಿನಲ್ಲಿ ಪ್ರಯಾಣಿಕರಿಗೆ ಹೊರಹೋಗುವ ದಾರಿ ಹೇಳುತ್ತಲೇ ಇದ್ದರು. ರೆಕ್ಕೆ ಕೊಡುವ ಮುಂಚೆ ನಿಮ್ಮ ವೀರನಿಗೆ ಅಂಥ ಹಿಡಿತ, ಅಂಥ ದನಿ ಕೊಡಿ.

ವೇಷದ ಚರ್ಚೆಗೆ ಮುನ್ನ ನಾನು ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದೊಯ್ಯುತ್ತೇನೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಹುತಾತ್ಮರ ಸ್ಮಾರಕದ ಎದುರು ಕುಳಿತು ಸ್ಕೆಚ್ ಮಾಡಿದವರು ಧ್ವಜವನ್ನು ಅಲಂಕಾರದ ಬಟ್ಟೆ ಎಂದುಕೊಳ್ಳುವುದಿಲ್ಲ. (ಆ ಕಾಲದ ಕಥೆ ಬರೆಯುವವರು ಗಮನಿಸಿ: ಅಂದಿನ ಧ್ವಜದಲ್ಲಿದ್ದದ್ದು ಚರಕ, ಅಶೋಕ ಚಕ್ರವಲ್ಲ.) ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ ಚಿತ್ರದಲ್ಲಿ ಬಿಡಿಸಿದ ಧ್ವಜವೂ ಧ್ವಜವೇ. ಅದನ್ನು ಸೊಂಟದ ಕೆಳಗೆ ತೊಡಿಸಬೇಡಿ, ಅದರ ಮೇಲೆ ಸಂಭಾಷಣೆ ಬರೆಯಬೇಡಿ.

ಎರಡು ಎ4 ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಚಿದರೆ ಎಂಟು ಪುಟ. ದುರಂತಕ್ಕೆ ಒಂದೇ ಪುಟ ಸಾಕು, ಅಲ್ಲಿ ಮಾತು ಬೇಡ. ರಕ್ತದ ಬದಲು ಬಿಟ್ಟುಹೋದ ಚಪ್ಪಲಿ, ಬಡಿದುಕೊಳ್ಳುತ್ತಿರುವ ಮೊಬೈಲ್ ಬಿಡಿಸಿ. ಉಳಿದ ಪುಟಗಳಲ್ಲಿ ಮೊದಲು ಅಕ್ಷರ ಬರೆದು ಆಮೇಲೆ ಸುತ್ತ ಮಾತಿನ ಬಲೂನಿನ ಗೆರೆ ಎಳೆಯಿರಿ. ಕನ್ನಡದ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಪೆನ್ಸಿಲ್ ಗೆರೆ ಜೆರಾಕ್ಸಿನಲ್ಲಿ ಮಸುಕಾಗುತ್ತದೆ, ಕಪ್ಪು ಶಾಯಿಯಲ್ಲಿ ತಿದ್ದಿ. ಪ್ರತಿ ತೆಗೆಸುವ ಮುನ್ನ ಮನೆಯಲ್ಲಿ ಸಾವು ಕಂಡ ಹಿರಿಯರೊಬ್ಬರಿಗೆ ಓದಲು ಕೊಡಿ. ಅವರು ಯಾವ ಚಿತ್ರದ ಬಳಿ ಮುಖ ತಿರುಗಿಸಿದರೋ ಅದನ್ನು ಮತ್ತೆ ಬಿಡಿಸಿ.